ಯಲೇನಾ ಮುಖಿನಾ: ಇಪ್ಪತ್ತಕ್ಕೆ ಮುಗಿದ ಆಟ

1978ನೆಯ ಇಸವಿಯ ಅಕ್ಟೋಬರ್ ತಿಂಗಳಲ್ಲಿ ಫ್ರಾನ್ಸ್ ದೇಶದ ಸ್ಟ್ರಾಸ್‌ಬರ್ಗ್ ನಗರದಲ್ಲಿ ವಿಶ್ವ ಜಿಮ್ನಾಸ್ಟಿಕ್ಸ್ ಸ್ಪರ್ಧೆ ನಡೆದಾಗ, ಕ್ರೀಡಾಜಗತ್ತಿನ ಕಣ್ಣೆಲ್ಲ ರುಮೇನಿಯಾದ ನಾದಿಯಾ ಕೊಮನೆಚಿಯ ಮೇಲೆಯೇ ನೆಟ್ಟಿದ್ದಿತೆಂದರೆ ಅತಿಶಯೋಕ್ತಿಯಾಗಲಾರದು. ಅದಕ್ಕೆ ಎರಡು ವರ್ಷ ಮುಂಚೆ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ, ಹದಿನಾಲ್ಕರ ಬಾಲಿಕೆಯಾಗಿದ್ದ ಆಕೆ ಹತ್ತಕ್ಕೆ ಹತ್ತು ಅಂಕಗಳನ್ನು ಪಡೆದು, ಅಂಥ ಪರಿಪೂರ್ಣತೆಯನ್ನು ತೋರಿಸಲು ಅಂಕಿಯೇ ಇಲ್ಲದಿದ್ದ ಅಂಕಫಲಕವನ್ನು ತಬ್ಬಿಬ್ಬುಗೊಳಿಸಿದ್ದಳು. ಆದರೆ ಸ್ಟ್ರಾಸ್‌ಬರ್ಗಿನಲ್ಲಿ ಸಮಗ್ರ ವಿಭಾಗದ ಸ್ವರ್ಣಪದಕ ಸಂದುದು ಅವಳಿಗಲ್ಲ. ಮಾತು ಕಡಮೆಯಾದ, ಮುಖದಲ್ಲಿ ಸದಾ ಒಂದು ಬಗೆಯ ವಿಷಣ್ಣತೆಯ ಛಾಯೆಯಿದ್ದ, ಮಾಸ್ಕೋ ನಗರದ ಹದಿನೆಂಟು ವರ್ಷದ ಯಲೇನಾ ಮುಖಿನಾ ಎಂಬ ಹುಡುಗಿಗೆ. ಸ್ವದೇಶದ ನೆಲ್ಲಿ ಕಿಮ್ ಎರಡನೆಯವಳಾದಳು, ನತಾಲಿಯಾ ಶಾಪೋಶ್ನಿಕೋವಾ ಮೂರನೆಯವಳಾದಳು, ಕೊಮನೆಚಿ ನಾಲ್ಕನೆಯ ಸ್ಥಾನಕ್ಕೆ ಇಳಿದಳು. ಇದಲ್ಲದೆ ತಂಡದ ಸ್ವರ್ಣದಲ್ಲಿ ಪಾಲು, ನೆಲದ ಕಸರತ್ತಿನಲ್ಲಿ ಕಿಮ್‌ಳೊಡನೆ ಸಮನಾಗಿ ಹಂಚಿಕೊಂಡ ಇನ್ನೊಂದು ಸ್ವರ್ಣ, ಬೀಮಿನಲ್ಲಿಯೂ ಅಸಮ ಬಾರುಗಳಲ್ಲಿಯೂ ಒಂದೊಂದು ರಜತ, ಹೀಗೆ ಐದು ಪದಕಗಳನ್ನು ಗಳಿಸಿದ ಆ ಹುಡುಗಿ, ಇನ್ನು ಎರಡು ವರ್ಷಕ್ಕೆ ತನ್ನ ಊರಿನಲ್ಲಿಯೇ ನಡೆಯಲಿದ್ದ ಒಲಿಂಪಿಕ್ಸಿನ ರಾಣಿಯಾಗತಕ್ಕವಳೆಂದು ಬಲ್ಲವರು ನಿಶ್ಚಯಿಸಿಬಿಟ್ಟರು. ಆ ನಿಶ್ಚಯವೇ ಅವಳಿಗೆ ಮುಳುವಾಯಿತೆಂದು ನನಗೆ ತೋರುತ್ತದೆ.

ಮುಖಿನಾ ಹುಟ್ಟಿದುದು 1960ರ ಜೂನ್ 1ರಂದು. ತಾಯಿಯನ್ನು ಎಳವೆಯಲ್ಲಿಯೇ ಕಳೆದುಕೊಂಡಳು. ತಂದೆಯ ಆಸರೆ ಇರಲಿಲ್ಲ. ಸಾಕಿ ಬೆಳೆಸಿದವಳು ಅಜ್ಜಿ ಅನ್ನಾ ಇವಾನೊವ್ನಾ. ಓರಗೆಯ ಹುಡುಗಿಯರೆಲ್ಲ ಹಿಮದ ಮೇಲಿನ ಸ್ಕೇಟಿಂಗಿನ ಕನಸು ಕಾಣುತ್ತಿದ್ದ ಕಾಲದಲ್ಲಿ ಇವಳ ಮನಸ್ಸು ಜಿಮ್ನಾಸ್ಟಿಕ್ಸಿನ ಕಡೆಗೆ ಹರಿದಿತ್ತು. ಶಾಲೆಗೆ ಬಂದ ತರಬೇತುಗಾರ್ತಿಯೊಬ್ಬಳು ಯಾರಿಗೆ ಇಷ್ಟವೆಂದು ಕೇಳಿದಾಗ ಸಂತೋಷದಿಂದ ಮುಂದೆ ಬಂದ ಮಗು ಇದು. ಇದನ್ನು ಹೇಳಬೇಕಾದುದು ಅಗತ್ಯ. ಏಕೆಂದರೆ ಮುಂದಿನ ಕಥೆಯನ್ನು ಓದಿದವರು, ಯಾರೋ ಬಲವಂತವಾಗಿ ಎಳೆದು ತಂದ ಮಗುವಿನ ಕಥೆಯೆಂದು ಇದನ್ನು ಭಾವಿಸಿಯಾರು. ಹಾಗಲ್ಲ. ಆಟವನ್ನು ಅವಳು ತಾನಾಗಿ ಪ್ರೀತಿಸಿ ಆರಿಸಿಕೊಂಡಳು. ಆಟದ ಒಡೆತನ ಮಾತ್ರ ಅವಳ ಕೈಯಲ್ಲಿ ಉಳಿಯಲಿಲ್ಲ.

ಸೈನ್ಯದ ಕ್ರೀಡಾಸಂಸ್ಥೆಯಾದ ಸಿಎಸ್‌ಕೆಎ ಕ್ಲಬ್ಬಿನಲ್ಲಿ ಅವಳ ಶಿಕ್ಷಣದ ಭಾರ ಮಿಖಾಯಿಲ್ ಕ್ಲಿಮೆಂಕೊ ಎಂಬ ತರಬೇತುದಾರನಿಗೆ ಬಂತು. ಈತ ಅದುವರೆಗೆ ಪುರುಷರಿಗೆ ಕಲಿಸಿದವನು. 1972ರ ಮ್ಯೂನಿಕ್ ಒಲಿಂಪಿಕ್ಸಿನ ಪಾಮೆಲ್ ಹಾರ್ಸ್ ಸ್ವರ್ಣವಿಜೇತ ವಿಕ್ಟರ್ ಕ್ಲಿಮೆಂಕೊ ಈತನ ಸೋದರ. ಸಾಧಾರಣ ಪ್ರತಿಭೆಯವಳೆಂದು ಹಲವರು ಎಣಿಸಿದ್ದ ಹುಡುಗಿಯನ್ನು ಗೆಲ್ಲಿಸಬೇಕಾದರೆ, ಬೇರೆ ಯಾರೂ ಮಾಡಲಾರದಷ್ಟು ಕಷ್ಟವಾದ ಪಟ್ಟುಗಳನ್ನು ಅವಳಿಂದ ಮಾಡಿಸುವುದೊಂದೇ ಮಾರ್ಗವೆಂದು ಆತ ನಿರ್ಧರಿಸಿದನು. ಆ ನಿರ್ಧಾರದ ಫಲವೂ ಬೇಗನೆ ಕಾಣಿಸಿತು. 1977ರಲ್ಲಿ ಪ್ರಾಗ್ ನಗರದ ಯೂರೋಪಿಯನ್ ಸ್ಪರ್ಧೆಯಲ್ಲಿ ಅವಳು ಕೊಮನೆಚಿಗೆ ಎರಡನೆಯವಳಾಗಿ ನಿಂತು, ಬಿಡಿ ಸಲಕರಣೆಗಳಲ್ಲಿ ಮೂರು ಸ್ವರ್ಣಗಳನ್ನು ಗೆದ್ದಳು. ಓಲ್ಗಾ ಕೋರ್ಬುಟ್ ಬಾರಿನ ಮೇಲೆ ಹಾಕಿ ಜಗತ್ತನ್ನು ಬೆರಗುಗೊಳಿಸಿದ್ದ ಲಾಗಕ್ಕೆ ಇವಳು ಒಂದು ಪೂರ್ಣ ತಿರುಚನ್ನು ಸೇರಿಸಿದಳು. ನೆಲದ ಕಸರತ್ತಿನಲ್ಲಿ ಇವಳು ಹಾಕಿದ, ತಿರುಚಿನೊಡಗೂಡಿದ ಇಮ್ಮಡಿ ಲಾಗವು ಇಂದಿಗೂ ಅಂತರರಾಷ್ಟ್ರೀಯ ನಿಯಮಾವಳಿಯಲ್ಲಿ ಅವಳ ಹೆಸರನ್ನೇ ಹೊತ್ತಿದೆ. ಆದರೆ ಇದರ ಬೆಲೆಯನ್ನು ಅವಳ ಮೈ ಮೊದಲಿನಿಂದಲೂ ತೆರುತ್ತಲೇ ಇತ್ತು. 1975ರಷ್ಟು ಹಿಂದೆಯೇ ಅವಳ ಕುತ್ತಿಗೆಯ ಎಲುಬುಗಳಿಗೆ ಒಮ್ಮೆ ಪೆಟ್ಟಾಗಿದ್ದಿತು. ಆ ಪೆಟ್ಟು ಮಾಯುವ ಮುನ್ನವೇ ಅಭ್ಯಾಸ ಮತ್ತೆ ಮೊದಲಾಗಿದ್ದಿತು.

ಈ ಆತುರಕ್ಕೆ ಕ್ಲಿಮೆಂಕೊ ಒಬ್ಬನೇ ಕಾರಣನೆನ್ನುವುದು ಅನ್ಯಾಯ. 1952ರಿಂದ ಸೋವಿಯತ್ ಮಹಿಳಾ ತಂಡವು ಒಲಿಂಪಿಕ್ಸಿನಲ್ಲಿ ಸೋತುದೇ ಇರಲಿಲ್ಲ. ಅಂಥ ದೇಶಕ್ಕೆ, ಪುಟ್ಟ ರುಮೇನಿಯಾದ ಒಬ್ಬ ಹುಡುಗಿ ಮಾಂಟ್ರಿಯಲ್‌ನಲ್ಲಿ ಸಮಗ್ರ ಕಿರೀಟವನ್ನು ಕಿತ್ತುಕೊಂಡು ಹೋದುದು ಮರೆಯಲಾಗದ ಅಪಮಾನವಾಗಿ ಕಂಡಿತು. 1979ರ ಡಿಸೆಂಬರಿನಲ್ಲಿ ಅಮೆರಿಕದ ಫೋರ್ಟ್ ವರ್ತ್ ನಗರದ ವಿಶ್ವಸ್ಪರ್ಧೆಯಲ್ಲಿ ತಂಡದ ಸ್ವರ್ಣವೂ ರುಮೇನಿಯಾದ ಪಾಲಾದಾಗ ಆ ಗಾಯ ಇನ್ನಷ್ಟು ಆಳವಾಯಿತು. ಮಾಸ್ಕೋ ಒಲಿಂಪಿಕ್ಸ್ ಬಾಗಿಲಿನಲ್ಲಿತ್ತು. ಅಫ್ಘಾನಿಸ್ತಾನದ ಮೇಲಿನ ಸೋವಿಯತ್ ಆಕ್ರಮಣವನ್ನು ಪ್ರತಿಭಟಿಸಿ ಅಮೆರಿಕವೂ ಅದರ ಹಲವು ಮಿತ್ರರಾಷ್ಟ್ರಗಳೂ ಅದನ್ನು ಬಹಿಷ್ಕರಿಸಿದುವು. ಮನೆಯಂಗಳದಲ್ಲಿ, ಜಗತ್ತಿನ ಅರ್ಧ ಮುನಿಸಿಕೊಂಡು ಹೊರಗೆ ನಿಂತಿರುವಾಗ, ಸೋಲುವುದೆಂದರೆ ಅದು ಬರಿಯ ಕ್ರೀಡೆಯ ಸೋಲಾಗಿ ಯಾರ ಕಣ್ಣಿಗೂ ಕಾಣಿಸುವಂತಿರಲಿಲ್ಲ.

ಫೋರ್ಟ್ ವರ್ತ್‌ಗೆ ಮುಖಿನಾ ಹೋಗಿರಲಿಲ್ಲ. ಆ ವರ್ಷದ ಶರತ್ಕಾಲದಲ್ಲಿ ಇಂಗ್ಲೆಂಡಿನಲ್ಲಿ ಅಭ್ಯಾಸ ಮಾಡುತ್ತಿದ್ದಾಗ ಅವಳ ಕಾಲು ಮುರಿಯಿತು. ಈ ಮುರಿತವೇ ನಮ್ಮ ಕಥೆಯ ನಿಜವಾದ ತಿರುವೆಂದು ನಾನು ಎಣಿಸುತ್ತೇನೆ; ಮುಂದಿನ ವರ್ಷದ ಭೀಕರತೆಯ ಪ್ರಭೆಯಲ್ಲಿ ಜನ ಅದನ್ನು ಮರೆತಿರುವುದು ಮಾತ್ರ ಆಶ್ಚರ್ಯ. ಪ್ಲಾಸ್ಟರನ್ನು ಕಾಲಕ್ಕೆ ಮುನ್ನವೇ ತೆಗೆದರು. ಹುಡುಗಿಯನ್ನು ಅಭ್ಯಾಸಕ್ಕೆ ಕಳುಹಿದರು. ಕಾಲು ಸೊಟ್ಟಗಿದೆಯೆಂದು ಅವಳೇ ಗಮನಿಸಿ ಹೇಳಬೇಕಾಯಿತು. ಪರೀಕ್ಷಿಸಿದಾಗ ಎಲುಬು ಕೂಡಿಕೊಂಡಿಲ್ಲವೆಂಬುದು ಹೊರಬಿದ್ದು ಶಸ್ತ್ರಚಿಕಿತ್ಸೆಯಾಯಿತು. ಅದಾದ ಮೇಲೂ ವಿಶ್ರಾಂತಿಯಿಲ್ಲ. ಹಾಸಿಗೆಯಲ್ಲಿದ್ದ ದಿನಗಳಲ್ಲಿ ಏರಿದ ತೂಕವನ್ನು ಇಳಿಸಲು ಓಟ, ಓಟದ ಮೇಲೆ ಕಸರತ್ತು, ಕಸರತ್ತಿನ ಮೇಲೆ ಹೊಸದೊಂದು ಪಟ್ಟಿನ ಪಾಠ.

ಆ ಹೊಸ ಪಟ್ಟಿಗೆ ಥಾಮಸ್ ಸಾಲ್ಟೊ ಎಂದು ಹೆಸರು. ಅದನ್ನು ರೂಢಿಗೆ ತಂದವನು ಕರ್ಟ್ ಥಾಮಸ್ ಎಂಬ ಅಮೆರಿಕನ್. ಸ್ಟ್ರಾಸ್‌ಬರ್ಗಿನ ಅದೇ ಸ್ಪರ್ಧೆಯಲ್ಲಿ ಪುರುಷರ ನೆಲದ ಕಸರತ್ತಿನ ಸ್ವರ್ಣವನ್ನು ಗೆದ್ದವನು. ಬಹಿಷ್ಕಾರದ ದೆಸೆಯಿಂದ ಆತನೂ ಮಾಸ್ಕೋಗೆ ಬರಲಾಗಲಿಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ; ಪಟ್ಟನ್ನು ಕಂಡುಹಿಡಿದವನೂ ಅದರಿಂದ ಹಾಳಾದವಳೂ ಇಬ್ಬರೂ ಆ ಉತ್ಸವದಿಂದ ಹೊರಗುಳಿದರು.

ಲಾಗವೆಂಬುದು ನೋಡುವವನಿಗೆ ಧೈರ್ಯದ ವಿಷಯವಾಗಿ ಕಂಡರೂ ವಸ್ತುತಃ ಅದು ಲೆಕ್ಕದ ವಿಷಯ. ಪಾದವು ನೆಲವನ್ನು ಬಿಟ್ಟ ಕ್ಷಣದಲ್ಲಿ ದೇಹಕ್ಕೆ ಎಷ್ಟು ಎತ್ತರ, ಎಷ್ಟು ತಿರುಗುಬಲ ದೊರೆತಿರುವುದೋ ಅಷ್ಟೇ ಅದರ ಬಂಡವಾಳ. ಗಾಳಿಯಲ್ಲಿ ಅದಕ್ಕೆ ಒಂದು ಕಾಸನ್ನೂ ಸೇರಿಸಲಾಗದು. ಮೈಯನ್ನು ಮುದುಡಿಕೊಂಡರೆ ಸುತ್ತುವ ವೇಗ ಹೆಚ್ಚುತ್ತದೆ, ಚಾಚಿದರೆ ಕುಗ್ಗುತ್ತದೆ. ಆದರೆ ನೆಗೆತದಲ್ಲಿ ಕಡಮೆ ಬಿದ್ದುದನ್ನು ಪೂರ್ತಿಯಾಗಿ ತುಂಬಿಕೊಡುವ ಉಪಾಯ ಮನುಷ್ಯಶರೀರಕ್ಕೆ ತಿಳಿಯದು. ಸಾಮಾನ್ಯವಾದ ಇಮ್ಮಡಿ ಲಾಗದಲ್ಲಿ ಎರಡು ಸುತ್ತು ಪೂರ್ಣವಾಗಿ ಮುಗಿದು ಪಾದಗಳು ನೆಲಕ್ಕೆ ತಾಗುತ್ತವೆ. ಸುತ್ತು ತುಸು ಕೊರೆಯಾದರೆ ಆಟಗಾರ್ತಿ ಮುಂದಕ್ಕೆ ಮುಗ್ಗರಿಸಿ ಕೈಯೂರುತ್ತಾಳೆ, ಅಂಕ ಹೋಗುತ್ತದೆ, ಮೊಣಕಾಲು ನೋಯುತ್ತದೆ, ಅಷ್ಟರಲ್ಲಿ ಮುಗಿಯುತ್ತದೆ. ಥಾಮಸ್ ಸಾಲ್ಟೊದ ರಚನೆ ಬೇರೆ. ಹಿಮ್ಮೊಗವಾಗಿ ನೆಗೆದ ದೇಹ ಒಂದೂವರೆ ತಿರುಚಿನಿಂದ ಮುಮ್ಮೊಗವಾಗಬೇಕು, ಅದರ ಜೊತೆಜೊತೆಗೇ ಒಂದೂಮುಕ್ಕಾಲು ಸುತ್ತು ಸುತ್ತಬೇಕು. ಆ ಕಾಲು ಸುತ್ತಿನ ಕೊರತೆಯಿಂದಾಗಿ ಇಳಿಯುವಾಗ ಕೆಳಗಿರುವುದು ಪಾದವಲ್ಲ, ತಲೆ. ಅಂಗೈ ನೆಲಕ್ಕೆ ಸೋಕಿದೊಡನೆ ಗದ್ದವನ್ನು ಎದೆಗೆ ಒತ್ತಿ, ಕತ್ತಿನ ಹಿಂಬದಿಯಿಂದ ಬೆನ್ನಿನ ಮೇಲಕ್ಕೆ ಉರುಳಿ ಎದ್ದು ನಿಲ್ಲಬೇಕು. ಸುತ್ತು ಅತಿಯಾದರೆ ತಲೆಯ ಹಿಂಭಾಗ ಅಪ್ಪಳಿಸುತ್ತದೆ, ಕಡಮೆಯಾದರೆ ಗದ್ದ. ಇವೆರಡರ ನಡುವೆ ಸುರಕ್ಷಿತವಾದ ಕೋನ ಬಹು ಕಿರಿದು, ಅದನ್ನು ಹುಡುಕಿಕೊಳ್ಳುವುದಕ್ಕೆ ಇರುವ ಅವಧಿ ಒಂದು ಕ್ಷಣದ ಅಲ್ಪಭಾಗ. ಇಂಥ ಪಟ್ಟು ಮೊದಲು ಕೇಳುವುದು ಕಾಲಿನ ಬಲವನ್ನು. ನೆಲವನ್ನು ತಳ್ಳುವ ಆ ಒಂದು ಒದೆತದಲ್ಲಿ ಎತ್ತರವೂ ವೇಗವೂ ಸಂಪಾದನೆಯಾಗಿಬಿಡಬೇಕು. ಮುಖಿನಾಳಲ್ಲಿ ಆಗ ಇಲ್ಲದಿದ್ದುದು ಅದೇ. ಮುರಿದು ಸರಿಯಾಗಿ ಕೂಡದ ಕಾಲಿನವಳಿಗೆ, ಎಲ್ಲಕ್ಕಿಂತ ಹೆಚ್ಚಾಗಿ ಕಾಲನ್ನೇ ನಂಬಿದ ಪಟ್ಟನ್ನು ಕಲಿಸಲು ಹೊರಟುದನ್ನು ಸಾಹಸವೆಂದು ಕರೆಯಲು ನನ್ನ ಲೇಖನಿ ಒಪ್ಪುವುದಿಲ್ಲ.

ಅಪಾಯವನ್ನು ಮೊದಲು ಅರಿತವಳು ಅವಳೇ. ತಾನು ಕತ್ತು ಮುರಿದುಕೊಳ್ಳುವೆನೆಂದು ತರಬೇತುದಾರನಿಗೆ ಹೇಳಿದುದಾಗಿಯೂ, ನಿನ್ನಂಥವರು ಕತ್ತು ಮುರಿದುಕೊಳ್ಳುವವರಲ್ಲವೆಂಬ ಅರ್ಥದ ಉತ್ತರ ಬಂದುದಾಗಿಯೂ ಅವಳು ಮುಂದೆ ತಿಳಿಸಿದಳು. ಆ ಉತ್ತರದಲ್ಲಿ ಕ್ರೌರ್ಯಕ್ಕಿಂತ ಹೆಚ್ಚಾಗಿ ನಂಬಿಕೆಯೇ ಇದ್ದಿರಬಹುದು. ಶಿಷ್ಯೆಯ ಭಯವನ್ನು ಸೋಮಾರಿತನವೆಂದೋ ದೌರ್ಬಲ್ಯವೆಂದೋ ಓದಿಕೊಳ್ಳುವ ಅಭ್ಯಾಸ ಗುರುಗಳಲ್ಲಿ ಸೋವಿಯತ್ ದೇಶಕ್ಕೆ ಮಾತ್ರ ಸೇರಿದುದಲ್ಲ. ನಮ್ಮ ಸಂಗೀತದ ಮನೆಗಳಲ್ಲಿಯೂ, ಪರೀಕ್ಷೆಗೆ ಮಕ್ಕಳನ್ನು ಸಿದ್ಧಪಡಿಸುವ ಪಾಠಶಾಲೆಗಳಲ್ಲಿಯೂ ಅದನ್ನು ಕಂಡವರಿದ್ದಾರೆ. ವ್ಯತ್ಯಾಸವೆಂದರೆ, ಅಲ್ಲಿ ತಪ್ಪು ತಿಳಿವಿಗೆ ಬೆನ್ನೆಲುಬು ಬಲಿಯಾಗುವುದಿಲ್ಲ.

1980ರ ಜುಲೈ 3ರಂದು, ಒಲಿಂಪಿಕ್ಸ್ ಆರಂಭಕ್ಕೆ ಹದಿನಾರು ದಿನಗಳಿರುವಾಗ, ರಾಷ್ಟ್ರತಂಡವು ಮಿನ್‌ಸ್ಕ್ ನಗರದ ಕ್ರೀಡಾಭವನದಲ್ಲಿ ಅಭ್ಯಾಸ ಮಾಡುತ್ತಿದ್ದಿತು. ಕ್ಲಿಮೆಂಕೊ ಅಂದು ಅಲ್ಲಿರಲಿಲ್ಲ; ಶಿಷ್ಯೆಗೆ ತಂಡದಲ್ಲಿ ಸ್ಥಾನವನ್ನು ಭದ್ರಪಡಿಸುವ ಸಲುವಾಗಿ ಮಾಸ್ಕೋಗೆ ಹೋಗಿದ್ದನು. ಮುಖಿನಾ ಓಡಿ ಬಂದು ನೆಗೆದಳು, ನೆಗೆತ ಸಾಲಲಿಲ್ಲ, ಸುತ್ತು ಕೊರೆಯಾಗಿ ಗದ್ದವು ನೆಲಕ್ಕೆ ಅಪ್ಪಳಿಸಿತು, ಕುತ್ತಿಗೆಯ ಎಲುಬು ಮುರಿದು ಮಿದುಳುಬಳ್ಳಿಗೆ ಪೆಟ್ಟು ಬಿದ್ದಿತು. ಇಪ್ಪತ್ತು ವರ್ಷ ತುಂಬಿ ಒಂದು ತಿಂಗಳಾಗಿದ್ದ ವಿಶ್ವವಿಜೇತೆ ಅಂದಿನಿಂದ ಕೈಕಾಲುಗಳ ಸ್ವಾಧೀನವನ್ನು ಕಳೆದುಕೊಂಡಳು.

ಬಿದ್ದು ಮಲಗಿದ್ದ ಆ ಗಳಿಗೆಯಲ್ಲಿ ತನ್ನ ಮನಸ್ಸಿಗೆ ಮೊದಲು ಹೊಳೆದುದು, ದೇವರ ದಯೆ, ಇನ್ನು ಒಲಿಂಪಿಕ್ಸಿಗೆ ಹೋಗಬೇಕಾಗಿಲ್ಲವೆಂಬ ಭಾವನೆಯಾಗಿತ್ತೆಂದು ಅವಳು ಎಂಬತ್ತರ ದಶಕದ ಕೊನೆಯಲ್ಲಿ, ಬಾಯಿ ಬಿಡಲು ದೇಶಕ್ಕೆ ಅವಕಾಶ ದೊರೆತ ಕಾಲದಲ್ಲಿ, ‘ಒಗೊನ್ಯೋಕ್’ ಎಂಬ ವಾರಪತ್ರಿಕೆಗೆ ಹೇಳಿದಳು. ಕ್ರೀಡೆಯ ಚರಿತ್ರೆಯಲ್ಲಿ ಇದಕ್ಕಿಂತ ಘೋರವಾದ ನಿಟ್ಟುಸಿರನ್ನು ನಾನು ಓದಿಲ್ಲ. ಒಬ್ಬಳ ಜೀವನದ ಪರಮಗುರಿಯೆಂದು ರಾಷ್ಟ್ರವೇ ಸಾರುತ್ತಿದ್ದ ಸ್ಪರ್ಧೆಯಿಂದ ಪಾರಾಗುವುದಕ್ಕೆ ಕತ್ತು ಮುರಿಯುವುದಲ್ಲದೆ ಬೇರೆ ಬಾಗಿಲೇ ಅವಳಿಗೆ ಕಂಡಿರಲಿಲ್ಲವೆಂದಾದರೆ, ಆ ವೃತ್ತಿಜೀವನ ಮೊಟಕಾದುದು ಮಿನ್‌ಸ್ಕಿನಲ್ಲಿ ಅಲ್ಲ. ಬೇಡವೆನ್ನುವ ಅವಳ ಮಾತಿಗೆ ಬೆಲೆಯಿಲ್ಲವೆಂದು ಅವಳಿಗೆ ಮನವರಿಕೆಯಾದ ದಿನವೇ ಅದು ಮೊಟಕಾಗಿದ್ದಿತು. ದೋಷವನ್ನು ಪೂರ್ತಿಯಾಗಿ ಇತರರ ಮೇಲೆ ಹೊರಿಸಿ ಅವಳು ಮಾತನಾಡಲಿಲ್ಲವೆಂಬುದನ್ನೂ ಹೇಳಬೇಕು. ತನ್ನ ಮೇಲೆ ಇಟ್ಟ ವಿಶ್ವಾಸಕ್ಕೆ ತಕ್ಕವಳಾಗಬೇಕು, ವೀರಳೆನ್ನಿಸಿಕೊಳ್ಳಬೇಕು ಎಂಬ ಆಸೆ ತನಗೂ ಇದ್ದಿತೆಂದು ಒಪ್ಪಿಕೊಂಡಳು. ನೋವನ್ನು ಸಹಿಸಿ ಮೈದಾನಕ್ಕಿಳಿಯುವುದೇ ವೀರತ್ವವೆಂದು ಕೊಂಡಾಡುವ ಸಮಾಜವನ್ನೂ ಅದರ ಕ್ರೀಡಾಧಿಕಾರಿಗಳನ್ನೂ ಮಾತ್ರ ಅವಳು ಕ್ಷಮಿಸಲಿಲ್ಲ.

ಅತ್ತ ಉತ್ಸವ ನಡೆದೇ ನಡೆಯಿತು. ಜುಲೈ 19ರಂದು ಮಾಸ್ಕೋದಲ್ಲಿ ಕ್ರೀಡಾಜ್ಯೋತಿ ಉರಿಯಿತು. ನಮ್ಮವರ ನೆನಪಿನಲ್ಲಿ ಆ ಒಲಿಂಪಿಕ್ಸ್ ಉಳಿದಿರುವುದು ಭಾಸ್ಕರನ್ ನಾಯಕತ್ವದಲ್ಲಿ, ಕೊಡಗಿನ ಎಂ. ಎಂ. ಸೋಮಯ್ಯನವರೂ ಇದ್ದ ತಂಡ ಗೆದ್ದುತಂದ ಹಾಕಿಯ ಸ್ವರ್ಣದಿಂದಾಗಿ. ಸೋವಿಯತ್ ಜನರಿಗೆ ಜಿಮ್ನಾಸ್ಟಿಕ್ಸಿನ ತಂಡಸ್ವರ್ಣವೂ, ಕೊಮನೆಚಿಯನ್ನು ಹಿಂದಿಕ್ಕಿ ಸಮಗ್ರ ಪದಕವನ್ನು ಗೆದ್ದ ಯಲೇನಾ ದವಿದೋವಾಳ ಹೆಸರೂ ದೊರೆತವು. ಇನ್ನೊಬ್ಬ ಯಲೇನಾ ಏಕೆ ಕಾಣಿಸುತ್ತಿಲ್ಲವೆಂದು ಕೇಳಿದವರಿಗೆ ಸಿಕ್ಕಿದುದು ಗಾಯದ ತೀವ್ರತೆಯನ್ನು ಮರೆಮಾಚಿದ, ಹಾರಿಕೆಯ ಉತ್ತರ. ನಿಜಸ್ಥಿತಿ ಹೊರಜಗತ್ತಿಗೆ ತಿಳಿದುದು ನಿಧಾನವಾಗಿ. ರಾಷ್ಟ್ರ ಅವಳಿಗೆ ಗೌರವಪದಕವೊಂದನ್ನು ಇತ್ತಿತು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷ ಸಮರಾಂಚ್ ಕೂಡ ಒಲಿಂಪಿಕ್ ಆರ್ಡರ್ ಎಂಬ ಪುರಸ್ಕಾರವನ್ನು ಇತ್ತನು. ಒಲಿಂಪಿಕ್ ಮೈದಾನಕ್ಕೆ ಒಮ್ಮೆಯೂ ಕಾಲಿಡದ ಹುಡುಗಿಗೆ ಆ ಹೆಸರಿನ ಪುರಸ್ಕಾರ ಸಂದುದರಲ್ಲಿ ಗೌರವದ ಜೊತೆಗೆ ಕೊಂಚ ಪಾಪಪ್ರಜ್ಞೆಯೂ ಬೆರೆತಿತ್ತೆಂದು ನಾನು ಊಹಿಸಿದರೆ ತಪ್ಪಾಗಲಾರದು.

ನಿಯಮಗಳು ಬದಲಾದುವು, ಆದರೆ ನಿಯಮಗಳ ನಡಿಗೆ ಯಾವಾಗಲೂ ಗಾಡಿ ಹೋದ ಮೇಲೆ ಕೈಯೆತ್ತುವವನದು. ಮಹಿಳೆಯರಿಗೆ ಥಾಮಸ್ ಸಾಲ್ಟೊವನ್ನು ನಿಷೇಧಿಸಿದರು. ಹಿರಿಯರ ಸ್ಪರ್ಧೆಗೆ ಕನಿಷ್ಠ ವಯಸ್ಸನ್ನು 1981ರಲ್ಲಿ ಹದಿನೈದಕ್ಕೂ 1997ರಲ್ಲಿ ಹದಿನಾರಕ್ಕೂ ಏರಿಸಿದರು. ಅಷ್ಟರೊಳಗೆ ಬೇರೊಂದು ಸಲಕರಣೆ ಬೇರೊಂದು ಮಗುವನ್ನು ತೆಗೆದುಕೊಂಡಿತ್ತು. 1988ರ ಮೇ ತಿಂಗಳಲ್ಲಿ, ಅಮೆರಿಕದ ಜೂಲಿಸ್ಸಾ ಗೋಮೆಜ್ ಎಂಬ ಹದಿನೈದರ ಹುಡುಗಿ ಜಪಾನಿನ ಸ್ಪರ್ಧೆಯೊಂದರಲ್ಲಿ, ಬೆನ್ನು ತಿರುಗಿಸಿ ಚಿಮ್ಮುವ ಯೂರ್ಚೆಂಕೊ ವಾಲ್ಟನ್ನು ಮಾಡಲು ಓಡಿ ಬಂದಾಗ, ಚಿಮ್ಮುಹಲಗೆಯ ಮೇಲೆ ಕಾಲು ಜಾರಿ ತಲೆ ವಾಲ್ಟಿಗೆ ಬಡಿಯಿತು; ಮೂರು ವರ್ಷ ನರಳಿ 1991ರಲ್ಲಿ ತೀರಿಕೊಂಡಳು. ಆ ಮೇಲೆ ಹಲಗೆಯ ಸುತ್ತ ಮೆತ್ತೆಯನ್ನು ಹಾಸುವುದು ಕಡ್ಡಾಯವಾಯಿತು. 1998ರಲ್ಲಿ ನ್ಯೂಯಾರ್ಕಿನ ಗುಡ್‌ವಿಲ್ ಕ್ರೀಡೆಗಳಲ್ಲಿ ಚೀನಾದ ಸಾಂಗ್ ಲಾನ್ ಸ್ಪರ್ಧೆಗೆ ಮುಂಚಿನ ಅಭ್ಯಾಸದ ನೆಗೆತದಲ್ಲಿಯೇ ಕತ್ತು ಮುರಿದುಕೊಂಡಳು. 2001ರಲ್ಲಿ, ಶತಮಾನದಷ್ಟು ಹಳೆಯದಾದ ಕಿರಿದಾದ ವಾಲ್ಟಿನ ಕುದುರೆಯನ್ನು ತೆಗೆದು, ಅಗಲವಾದ ಮೇಜನ್ನು ತಂದು ನಿಲ್ಲಿಸಿದರು. ಒಂದೊಂದು ಮೆತ್ತೆಯ ಹಿಂದೆಯೂ ಒಂದೊಂದು ಹೆಸರಿದೆ.

ನಾವು ದೂರ ನಿಂತು ಆಕ್ಷೇಪಿಸುವಷ್ಟು ನಿರ್ದೋಷಿಗಳಲ್ಲ. ಅಗರ್ತಲಾದ ದೀಪಾ ಕರ್ಮಾಕರ್ 2016ರಲ್ಲಿ ರಿಯೋ ಒಲಿಂಪಿಕ್ಸಿನ ವಾಲ್ಟ್ ಅಂತಿಮಸ್ಪರ್ಧೆಯಲ್ಲಿ, ಜಗತ್ತಿನಲ್ಲಿ ಬೆರಳೆಣಿಕೆಯವರು ಮಾತ್ರ ಮಾಡಿದ್ದ ಪ್ರೊಡುನೋವಾ ಎಂಬ ಇಮ್ಮಡಿ ಮುಂಲಾಗವನ್ನು ಹಾಕಿ, ಕೇವಲ 0.150 ಅಂಕದಿಂದ ಕಂಚನ್ನು ತಪ್ಪಿಸಿಕೊಂಡಾಗ, ಅವಳ ಶ್ರಮಕ್ಕಿಂತ ಹೆಚ್ಚಾಗಿ ಆ ನೆಗೆತಕ್ಕೆ ಅಂಟಿದ್ದ ‘ಡೆತ್ ವಾಲ್ಟ್’ ಎಂಬ ಅಡ್ಡಹೆಸರನ್ನೇ ನಮ್ಮ ಪತ್ರಿಕೆಗಳೂ ದೂರದರ್ಶನಗಳೂ ಬಾಯಿ ಚಪ್ಪರಿಸಿ ಆಡಿದುವು. ಮರುವರ್ಷ ಅವಳ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾದಾಗ ಅಷ್ಟು ಸದ್ದು ಕೇಳಿಸಲಿಲ್ಲ. 2024ರಲ್ಲಿ ಅವಳು ನಿವೃತ್ತಳಾದಳು.

ಬದಲಾವಣೆಯೇ ಆಗಿಲ್ಲವೆಂದರೂ ಸುಳ್ಳಾಗುತ್ತದೆ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನ ತಂಡಸ್ಪರ್ಧೆಯ ನಡುವೆ, ಗಾಳಿಯಲ್ಲಿ ತನ್ನ ದೇಹ ಎಲ್ಲಿದೆಯೆಂಬ ಅರಿವೇ ತಪ್ಪಿಹೋಗುತ್ತಿರುವುದನ್ನು ಕಂಡ ಅಮೆರಿಕದ ಸಿಮೋನ್ ಬೈಲ್ಸ್, ಒಂದು ವಾಲ್ಟ್ ಮುಗಿಸಿ ಹಿಂದೆ ಸರಿದಳು. ಹೇಡಿಯೆಂದವರೂ ಇದ್ದರು. ಆದರೆ ಅವಳನ್ನು ಯಾರೂ ಬಲವಂತವಾಗಿ ಮತ್ತೆ ಓಡಿಸಲಿಲ್ಲ. ಮೂರು ವರ್ಷದ ಮೇಲೆ, ಪ್ಯಾರಿಸಿನಲ್ಲಿ, ಇಪ್ಪತ್ತೇಳರ ವಯಸ್ಸಿನಲ್ಲಿ ಅವಳು ಸಮಗ್ರ ಸ್ವರ್ಣವನ್ನು ಮತ್ತೊಮ್ಮೆ ಗೆದ್ದಳು. ಹಿಂದೆ ಸರಿಯುವ ಅಧಿಕಾರ ಆಟಗಾರ್ತಿಗೆ ಇದ್ದರೆ ಆಟಕ್ಕೆ ನಷ್ಟವೇನೂ ಇಲ್ಲವೆಂಬುದಕ್ಕೆ ಇದಕ್ಕಿಂತ ಪ್ರಮಾಣ ಬೇಕಿಲ್ಲ. 1980ರಲ್ಲಿ ಮಿನ್‌ಸ್ಕಿನ ಹುಡುಗಿಗೆ ಇಲ್ಲದಿದ್ದುದು ಈ ಒಂದು ಅಧಿಕಾರ.

ಮುಖಿನಾ ಬಿದ್ದ ಮೇಲೆ ಇಪ್ಪತ್ತಾರು ವರ್ಷ ಬದುಕಿದಳು. ಮಾಸ್ಕೋದ ಮನೆಯಲ್ಲಿ, ಎಳವೆಯಲ್ಲಿ ಸಾಕಿದ ಅಜ್ಜಿಯೇ ಮತ್ತೆ ಅವಳನ್ನು ಮಗುವಿನಂತೆ ನೋಡಿಕೊಂಡಳು. ಅಜ್ಜಿ ಕಾಲವಾದ ಮೇಲೆ ಜಿಮ್ನಾಸ್ಟಿಕ್ಸಿನ ಹಳೆಯ ಗೆಳತಿಯೊಬ್ಬಳು ಆ ಹೊಣೆಯನ್ನು ಹೊತ್ತಳು. ಕ್ಲಿಮೆಂಕೊ ಮುಂದೆ ಇಟಲಿ ದೇಶಕ್ಕೆ ಹೋಗಿ ನೆಲೆಸಿದನು. 2006ರ ಡಿಸೆಂಬರ್ 22ರಂದು, ನಲವತ್ತಾರರ ವಯಸ್ಸಿನಲ್ಲಿ, ಮುಖಿನಾ ತೀರಿಕೊಂಡಳು. ತಲೆ ಕೆಳಗಾಗಿ ಇಳಿದು ಉರುಳುವ ಜಾತಿಯ ಲಾಗಗಳನ್ನು ಪುರುಷರ ನಿಯಮಾವಳಿಯಿಂದಲೂ ತೆಗೆದುಹಾಕಿದುದು 2017ರಲ್ಲಿ.